ಕಣಜದ ಗೂಡನ್ನು ಒಡೆದು ನೋಡಿದವರು

ವಿದ್ಯೆ ಚೀನಾದಲ್ಲಿದ್ದರೂ ಹೋಗಿ ಕಲಿಯಬೇಕೆಂಬ ಮಾತನ್ನು ನಾವು ಎಷ್ಟು ಬಾರಿ ಕೇಳಿಲ್ಲ! ಮದ್ರಸದ ವಾರ್ಷಿಕೋತ್ಸವವಿರಲಿ, ವಿದ್ಯಾರ್ಥಿವೇತನ ವಿತರಣೆಯ ಸಭೆಯಿರಲಿ, ಭಾಷಣಕಾರರು ಇದನ್ನು ಪ್ರವಾದಿ(ಸ)ರ ವಚನವೆಂದು ಉದ್ಧರಿಸುತ್ತಾರೆ. ಆದರೆ ಹದೀಸ್ ವಿದ್ವಾಂಸರು ಇದನ್ನು ಹಾಗೆ ಒಪ್ಪಿಕೊಂಡಿಲ್ಲ. ಈ ಮಾತು ಪ್ರಸಿದ್ಧವಾದರೂ ಇದರ ಸನದು ದುರ್ಬಲವೆಂದು ಇಮಾಮ್ ಬೈಹಕಿ ಹೇಳಿದ್ದಾರೆ. ಇಬ್ನುಲ್ ಜೌಝಿಯವರಂತೂ ಇದನ್ನು ಕಟ್ಟುಕತೆಗಳ ಸಾಲಿಗೆ ಸೇರಿಸಿದ್ದಾರೆ. ಮಾತು ಒಳ್ಳೆಯದೇ, ಆದರೆ ಮಾತು ಒಳ್ಳೆಯದಾಗಿದೆ ಎಂಬುದೊಂದೇ ಅದನ್ನು ಪ್ರವಾದಿ(ಸ)ರ ಹೆಸರಿಗೆ ಹಚ್ಚಲು ಸಾಕಾಗದು. ಯಾರು ಹೇಳಿದರು, ಯಾರಿಂದ ಕೇಳಿದರು, ಹೇಳಿದವನು ಕೇಳಿದವನನ್ನು ಭೇಟಿಯಾಗಿದ್ದನೇ ಎಂದು ವಿಚಾರಿಸುವುದು ನಮ್ಮ ಹಿರಿಯರ ಕ್ರಮವಾಗಿತ್ತು.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಚೀನಾದ ಹೆಸರೆತ್ತಿ ವಿದ್ಯೆಯನ್ನು ಹೊಗಳುವ ನಾವು, ಅಲ್ಲಿನ ವಿದ್ವಾಂಸರು ಏನು ಕಲಿತಿದ್ದರು, ಹೇಗೆ ಕಲಿತಿದ್ದರು ಎಂದು ವಿಚಾರಿಸುವುದು ಕಡಿಮೆ. ವಿಚಾರಿಸಿದರೆ, ಕೇಳಿದ್ದನ್ನೆಲ್ಲ ನಂಬಬಾರದು, ಪರೀಕ್ಷಿಸಿ ನೋಡಬೇಕೆಂಬ ಹಠ ಅಲ್ಲಿಯೂ ಇತ್ತೆಂಬುದು ತಿಳಿಯುತ್ತದೆ. ಅದನ್ನು ತಿಳಿಯಲು ನಾವು ಅರಮನೆಗಳ ಕಡೆಗೋ ಮಹಾಗೋಡೆಯ ಕಡೆಗೋ ನೋಡಬೇಕಾಗಿಲ್ಲ. ಹುಳ-ಹುಪ್ಪಟೆಗಳ ಬಗ್ಗೆ ಅವರು ಬರೆದಿಟ್ಟದ್ದನ್ನು ನೋಡಿದರೆ ಸಾಕು.

ಹುಳವೆಂಬ ದೊಡ್ಡ ಕುಟುಂಬ

ಚೀನೀ ಭಾಷೆಯಲ್ಲಿ ಹುಳಕ್ಕೆ ‘ಚೊಂಗ್’ ಎನ್ನುತ್ತಾರೆ. ಈ ಪದದ ಚಿಹ್ನೆ ಚೀನೀ ಲಿಪಿಯಲ್ಲಿ ನೂರಾರು ಅಕ್ಷರಗಳ ಬದಿಯಲ್ಲಿ ಕುಳಿತಿದೆ. ಜೇನು, ಇರುವೆ, ಚಿಟ್ಟೆಗಳ ಹೆಸರಿನಲ್ಲಿ ಅದು ಇರುವುದು ಸಹಜ. ಆದರೆ ಹಾವು, ಕಪ್ಪೆ, ಬಾವಲಿ, ಕಪ್ಪೆಚಿಪ್ಪುಗಳ ಹೆಸರಿನಲ್ಲೂ ಅದೇ ಚಿಹ್ನೆಯಿದೆ. ಕಾಮನಬಿಲ್ಲಿನ ಅಕ್ಷರದಲ್ಲೂ ಇದೆ! ಇದನ್ನು ಕಂಡು ನಗುವ ಮೊದಲು ನಮ್ಮ ಹಳ್ಳಿಗಳ ಮಾತನ್ನು ನೆನಪಿಸಿಕೊಳ್ಳೋಣ. ಹಾವು ಕಚ್ಚಿದರೆ ‘ಹುಳ ಮುಟ್ಟಿತು’ ಎನ್ನುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ನೆಲಕ್ಕೆ ಹತ್ತಿರವಾಗಿ ಹರಿಯುವ, ತೆವಳುವ, ಅಂಜಿಕೆ ಹುಟ್ಟಿಸುವ ಜೀವಿಗಳನ್ನೆಲ್ಲ ಒಂದೇ ಹೆಸರಿನಡಿ ತರುವುದು ಮನುಷ್ಯನ ಹಳೆಯ ರೂಢಿ.

ಚೀನೀಯರು ಈ ಪದವನ್ನು ಇನ್ನೂ ಅಗಲವಾಗಿ ಹಾಸಿದ್ದರು. ಹಾನ್ ಅರಸರ ಕಾಲದ ಗ್ರಂಥವೊಂದರ ಪ್ರಕಾರ ಸಕಲ ಪ್ರಾಣಿಗಳೂ ಐದು ಬಗೆಯ ‘ಚೊಂಗ್’ಗಳು: ಗರಿಯುಳ್ಳವು, ರೋಮವುಳ್ಳವು, ಚಿಪ್ಪುಳ್ಳವು, ಪೊರೆಯುಳ್ಳವು ಮತ್ತು ಬತ್ತಲೆ ಮೈಯವು. ಒಂದೊಂದು ಬಗೆಗೆ ಒಬ್ಬೊಬ್ಬ ಮುಖ್ಯಸ್ಥ. ಬತ್ತಲೆ ಮೈಯ ಜೀವಿಗಳ ಮುಖ್ಯಸ್ಥ ಯಾರು? ಮನುಷ್ಯ, ಅದರಲ್ಲೂ ಜ್ಞಾನಿಯಾದ ಮನುಷ್ಯ. ಹುಳಗಳ ಪಟ್ಟಿಯಲ್ಲಿ ತನ್ನನ್ನೂ ಸೇರಿಸಿಕೊಳ್ಳುವ ಈ ವಿನಯ ನಮಗೆ ಮೆಚ್ಚುಗೆಯಾಗುತ್ತದೆ.

ಹೆಸರುಗಳನ್ನು ವಿಂಗಡಿಸುವ ಕೆಲಸ ‘ಅರ್‌ಯಾ’ ಎಂಬ ಗ್ರಂಥದಲ್ಲಿ ಕಾಣುತ್ತದೆ. ಚೀನೀ ಭಾಷೆಯಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ನಿಘಂಟು ಇದು. ಇದರ ಹೆಚ್ಚಿನ ಭಾಗ ಕ್ರಿ.ಪೂ. 3ನೇ ಶತಮಾನದ ಆಸುಪಾಸಿನದೆಂದು ವಿದ್ವಾಂಸರ ಅಭಿಪ್ರಾಯ. ಅದರ 19 ಅಧ್ಯಾಯಗಳಲ್ಲಿ ಕೊನೆಯ ಏಳು ಸಸ್ಯ ಮತ್ತು ಪ್ರಾಣಿಗಳಿಗೆ ಮೀಸಲು: ಹುಲ್ಲುಗಳು, ಮರಗಳು, ಹುಳಗಳು, ಮೀನುಗಳು, ಹಕ್ಕಿಗಳು, ಮೃಗಗಳು, ಸಾಕುಪ್ರಾಣಿಗಳು. ಕಾಲುಗಳಿರುವ ಹುಳಕ್ಕೂ ಕಾಲಿಲ್ಲದ ಹುಳಕ್ಕೂ ಬೇರೆ ಬೇರೆ ಹೆಸರು ಎಂದು ಅದು ಗೆರೆ ಎಳೆಯುತ್ತದೆ. ಕ್ರಿ.ಶ. 276ರಿಂದ 324ರವರೆಗೆ ಬದುಕಿದ್ದ ಗುವೊ ಪೂ ಎಂಬ ವಿದ್ವಾಂಸ ಇದಕ್ಕೆ ಬರೆದ ವ್ಯಾಖ್ಯಾನ ಪ್ರಸಿದ್ಧವಾಗಿದೆ. ಹಳೆಯ ಹೆಸರುಗಳಿಗೆ ತನ್ನ ಕಾಲದ ಜನರು ಯಾವ ಯಾವ ಸೀಮೆಯಲ್ಲಿ ಏನೇನು ಕರೆಯುತ್ತಾರೆಂದು ಆತ ಹೊಂದಿಸಿ ತೋರಿಸಿದ. ಪುಸ್ತಕದ ಹುಳಕ್ಕೂ ಹೊಲದ ಹುಳಕ್ಕೂ ಸಂಬಂಧ ಕಲ್ಪಿಸಿದ್ದು ಇಂತಹ ವ್ಯಾಖ್ಯಾನಕಾರರೇ.

ಕಣಜ ಮತ್ತು ದತ್ತುಮಗ

ಚೀನೀಯರ ಅತ್ಯಂತ ಪ್ರಾಚೀನ ಕಾವ್ಯಸಂಗ್ರಹದ ಒಂದು ಪದ್ಯದಲ್ಲಿ, ಹಸಿರು ಹುಳದ ಮರಿಗಳನ್ನು ಸಣ್ಣ ನಡುವಿನ ಕಣಜವೊಂದು ಎತ್ತಿಕೊಂಡು ಹೋಗುವ ಪ್ರಸ್ತಾಪವಿದೆ. ಕಂಫ್ಯೂಷಿಯಸ್ ಪರಂಪರೆಯಲ್ಲಿ ಈ ಸಂಗ್ರಹಕ್ಕೆ ಶಾಸ್ತ್ರದ ಸ್ಥಾನವಿತ್ತು. ಹಾಗಾಗಿ ಕಣಜ ಹುಳವನ್ನು ಯಾಕೆ ಹೊತ್ತೊಯ್ಯುತ್ತದೆ ಎಂಬ ಪ್ರಶ್ನೆಯೂ ಶಾಸ್ತ್ರದ ಪ್ರಶ್ನೆಯಾಯಿತು. ವ್ಯಾಖ್ಯಾನಕಾರರು ಕೊಟ್ಟ ಉತ್ತರ ಇದು: ಕಣಜಗಳಲ್ಲಿ ಹೆಣ್ಣೇ ಇಲ್ಲ, ಅವುಗಳಿಗೆ ಸಂತಾನವಿಲ್ಲ. ಆದುದರಿಂದ ಪರರ ಮರಿಯನ್ನು ತಂದು ಗೂಡಿನೊಳಗಿಟ್ಟು, ನನ್ನಂತಾಗು, ನನ್ನಂತಾಗು ಎಂದು ಗುಂಯ್‌ಗುಡುತ್ತಾ ಮಂತ್ರ ಹೇಳುತ್ತದೆ. ಕೆಲವು ದಿನಗಳಲ್ಲಿ ಹಸಿರು ಹುಳ ಕಣಜವಾಗಿ ಹೊರಬರುತ್ತದೆ. ಕ್ರಿ.ಪೂ. 53ರಲ್ಲಿ ಹುಟ್ಟಿದ ಯಾಂಗ್ ಶಿಯೊಂಗ್ ಎಂಬ ದೊಡ್ಡ ಪಂಡಿತ ಇದನ್ನು ಗುರುಶಿಷ್ಯರ ಸಂಬಂಧಕ್ಕೆ ಹೋಲಿಸಿದ. ಗುರುವಿನ ಮಾತು ಕೇಳಿ ಕೇಳಿ ಶಿಷ್ಯ ಗುರುವೇ ಆಗಿಬಿಡುತ್ತಾನೆ ಎಂಬುದು ತಾತ್ಪರ್ಯ. ಇಂದಿಗೂ ಚೀನೀ ಭಾಷೆಯಲ್ಲಿ ದತ್ತುಮಗನಿಗೆ ಆ ಹಸಿರು ಹುಳದ ಹೆಸರೇ ಇದೆ.

ಕನ್ನಡದ ಓದುಗರಿಗೆ ಈ ಕತೆ ಹೊಸತಲ್ಲ. ನಮ್ಮ ವೇದಾಂತಿಗಳೂ ಅನುಭಾವಿಗಳೂ ಮತ್ತೆ ಮತ್ತೆ ಬಳಸಿದ ‘ಭ್ರಮರಕೀಟ ನ್ಯಾಯ’ ಇದುವೇ. ಭ್ರಮರದ ಧ್ಯಾನದಲ್ಲಿ ಕೀಟವು ಭ್ರಮರವೇ ಆಗುವಂತೆ ಭಕ್ತನು ಭಗವಂತನಲ್ಲಿ ಒಂದಾಗುತ್ತಾನೆಂಬ ಹೋಲಿಕೆ. ಹಿಮಾಲಯದ ಎರಡೂ ಬದಿಗಳಲ್ಲಿ ಜನರು ಒಂದೇ ಹುಳವನ್ನು ನೋಡಿ ಒಂದೇ ತಪ್ಪನ್ನು ಮಾಡಿದರು. ಆ ತಪ್ಪಿನಿಂದ ಎರಡೂ ಕಡೆ ಸುಂದರವಾದ ಉಪಮೆಗಳು ಹುಟ್ಟಿದವು. ಉಪಮೆ ಸುಂದರವಾಗಿದ್ದರೆ ಅದರ ಬುಡ ಗಟ್ಟಿಯಿದೆಯೇ ಎಂದು ತಟ್ಟಿ ನೋಡಲು ಯಾರಿಗೂ ಮನಸ್ಸಾಗುವುದಿಲ್ಲ.

ಮನಸ್ಸು ಮಾಡಿದವನು ತಾವೊ ಹೊಂಗ್‌ಜಿಂಗ್. ಕ್ರಿ.ಶ. 456ರಿಂದ 536ರವರೆಗೆ ಬದುಕಿದ್ದ ಈತ ದಾವೊ ಮತದ ಸಾಧಕ. ಅರಮನೆಯ ಕೆಲಸ ಬಿಟ್ಟು ನಾನ್‌ಜಿಂಗ್ ಸಮೀಪದ ಮಾವೊ ಬೆಟ್ಟದಲ್ಲಿ ನೆಲೆಸಿ ಔಷಧಿಗಳ ಬಗ್ಗೆ ಬರೆದವನು. ತಾವೊ ಕಣಜಗಳನ್ನೇ ಗಮನಿಸಿದ. ಕಣಜ ಕೆಸರನ್ನು ತಂದು ಗೋಡೆಗೋ ಪಾತ್ರೆಗೋ ಅಂಟಿಸಿ ಬಿದಿರ ಕೊಳವೆಗಳನ್ನು ಜೋಡಿಸಿದಂತಹ ಗೂಡು ಕಟ್ಟುತ್ತದೆ. ನವಣೆ ಕಾಳಿನಷ್ಟು ಗಾತ್ರದ ಮೊಟ್ಟೆ ಇಡುತ್ತದೆ. ಬಳಿಕ ಹುಲ್ಲಿನ ಮೇಲಿನ ಹತ್ತಾರು ಜೇಡಗಳನ್ನು ಹಿಡಿದು ತಂದು ಗೂಡಿಗೆ ತುಂಬಿ ಬಾಯಿ ಮುಚ್ಚುತ್ತದೆ. ಮರಿ ಹೊರಬಂದಾಗ ಅದಕ್ಕೆ ಅದುವೇ ಆಹಾರ. ಜೇಡಗಳ ಬದಲು ಹಸಿರು ಹುಳಗಳನ್ನು ಹಿಡಿಯುವ ಇನ್ನೊಂದು ಜಾತಿಯ ಕಣಜವಿದೆ ಎಂಬುದನ್ನೂ ಆತ ಬರೆದ. ಅಂದರೆ ಕಣಜ ತಂದದ್ದು ದತ್ತುಮಗನನ್ನಲ್ಲ, ಮಗನಿಗೆ ಬುತ್ತಿಯನ್ನು!

ತಾವೊ ಇಷ್ಟಕ್ಕೇ ನಿಲ್ಲಲಿಲ್ಲ. ಕವಿಗಳು ವಿಚಾರಿಸದೆ ಬರೆದಿರಬಹುದು, ಆದರೆ ಜ್ಞಾನಿಗಳು ಯಾಕೆ ಅದನ್ನೇ ಅನುಸರಿಸಿದರೋ ತಿಳಿಯದು, ಮಹಾತ್ಮರಲ್ಲೂ ಇಂತಹ ಕೊರತೆಗಳಿರುತ್ತವೆ ಎಂಬ ಅರ್ಥದ ಮಾತನ್ನು ಸೇರಿಸಿದ. ಶಾಸ್ತ್ರದ ಮಾತೇ ಅಂತಿಮವೆಂದು ತಿಳಿದಿದ್ದ ಸಮಾಜದಲ್ಲಿ ಇದು ಸಣ್ಣ ಧೈರ್ಯವಲ್ಲ.

ವಿವಾದ ಅಲ್ಲಿಗೆ ಮುಗಿಯಲಿಲ್ಲ. ತಾವೊನ ನಂತರವೂ ಶತಮಾನಗಳ ಕಾಲ ಹಳೆಯ ಕತೆಯನ್ನು ಸಮರ್ಥಿಸುವವರು ಇದ್ದರು. 1116ರಲ್ಲಿ ಕೌ ಝೊಂಗ್‌ಶಿ ಎಂಬ ವೈದ್ಯಗ್ರಂಥಕಾರ ಗೂಡೊಂದನ್ನು ಒಡೆದು ನೋಡಿದ. ಒಳಗೆ ಅರ್ಧ ನವಣೆ ಕಾಳಿನಷ್ಟು ಗಾತ್ರದ, ಬಿಳಿಗೆ ತುಸು ಹಳದಿ ಬೆರೆತಂತಹ ಮೊಟ್ಟೆಯಿತ್ತು. ಹೊತ್ತು ತಂದ ಹಸಿರು ಹುಳಗಳು ಅದರ ಕೆಳಗಿದ್ದವು. ತಾವೊ ಹೇಳಿದ್ದು ಸರಿಯೆಂದು ಆತ ಬರೆದ. ತಾವೊನಿಂದ ಕೌ ತನಕ ಆರು ಶತಮಾನಗಳು! ಒಂದು ಗೂಡನ್ನು ಒಡೆಯಲು ಬೇಕಾದದ್ದು ಒಂದು ನಿಮಿಷ. ಆದರೆ ಒಡೆಯಬೇಕೆಂಬ ಯೋಚನೆ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಈ ಲೆಕ್ಕ ಹೇಳುತ್ತದೆ.

ಕೆಂಪು ಶಾಯಿ, ಕಪ್ಪು ಶಾಯಿ

ಈ ಜಗಳವೆಲ್ಲ ನಡೆದದ್ದು ವೈದ್ಯಗ್ರಂಥಗಳ ಪುಟಗಳಲ್ಲಿ. ಚೀನೀ ವೈದ್ಯದಲ್ಲಿ ಗಿಡಮೂಲಿಕೆಗಳ ಜೊತೆಗೆ ಕಣಜದ ಗೂಡು, ಜೀರುಂಡೆಯ ಪೊರೆ, ಚೇಳು, ಜಿಗಣೆ, ಎರೆಹುಳ ಮುಂತಾದುವೂ ಔಷಧಿಗಳೇ. ಔಷಧಿಯ ಹೆಸರು ತಪ್ಪಿದರೆ ಪ್ರಾಣ ಹೋಗಬಹುದು. ಹಾಗಾಗಿ ಯಾವ ಹೆಸರು ಯಾವ ಜೀವಿಯದು ಎಂಬುದು ಅಲ್ಲಿ ಪಂಡಿತರ ಚರ್ಚೆಯಷ್ಟೇ ಅಲ್ಲ, ರೋಗಿಯ ಪ್ರಾಣದ ಪ್ರಶ್ನೆ.

ಪುರಾಣಪುರುಷನಾದ ಶೆನ್‌ನೊಂಗ್‌ನ ಹೆಸರಿನಲ್ಲಿರುವ ಅತಿ ಹಳೆಯ ಔಷಧಿಗ್ರಂಥದಲ್ಲಿ 365 ಔಷಧಿಗಳಿದ್ದವು. ವರ್ಷದ ದಿನಕ್ಕೊಂದು. ಅವುಗಳನ್ನು ಉತ್ತಮ, ಮಧ್ಯಮ, ಕೆಳದರ್ಜೆ ಎಂದು ಗುಣಕ್ಕನುಸಾರ ಮೂರಾಗಿ ಹಂಚಲಾಗಿತ್ತು. ಕ್ರಿ.ಶ. 500ರ ಸುಮಾರಿಗೆ ತಾವೊ ಹೊಂಗ್‌ಜಿಂಗ್ ಇದಕ್ಕೆ ಅಷ್ಟೇ ಸಂಖ್ಯೆಯ ಔಷಧಿಗಳನ್ನು ಸೇರಿಸಿ 730 ಮಾಡಿದ. ಕಲ್ಲುಗಳು, ಹುಲ್ಲುಗಳು, ಮರಗಳು, ಹುಳ ಮತ್ತು ಮೃಗಗಳು ಎಂದು ವಸ್ತುಗಳ ಸ್ವಭಾವಕ್ಕೆ ತಕ್ಕಂತೆ ಹೊಸದಾಗಿ ವಿಂಗಡಿಸಿದ. ಹೆಸರಿದ್ದೂ ಬಳಕೆಯಿಲ್ಲದ ಔಷಧಿಗಳಿಗೆ ಒಂದು ಪ್ರತ್ಯೇಕ ಭಾಗವನ್ನೇ ಮಾಡಿದ.

ಆತನ ಇನ್ನೊಂದು ಏರ್ಪಾಡು ನಮ್ಮ ಮನಸ್ಸನ್ನು ಹೆಚ್ಚು ಸೆಳೆಯುತ್ತದೆ. ಮೂಲಗ್ರಂಥದ ಮಾತುಗಳನ್ನು ತಾವೊ ಕೆಂಪು ಶಾಯಿಯಲ್ಲಿ ಬರೆದ; ನಂತರ ಸೇರಿದ್ದನ್ನು ಕಪ್ಪು ಶಾಯಿಯಲ್ಲಿ. ಯಾವುದು ಯಾರ ಮಾತು ಎಂಬುದು ಓದುಗನಿಗೆ ಕಣ್ಣಿಗೆ ಕಾಣಬೇಕು, ತನ್ನ ಮಾತು ಪೂರ್ವಿಕರ ಮಾತಿನೊಳಗೆ ಗುಟ್ಟಾಗಿ ಸೇರಬಾರದು. ಸನದಿನ ಶಿಸ್ತನ್ನು ಬಲ್ಲವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಲೀ ಶಿಝೆನ್‌ನ 27 ವರ್ಷಗಳು

ಈ ಪರಂಪರೆಯ ಶಿಖರ ಲೀ ಶಿಝೆನ್. 1518ರಲ್ಲಿ ಈಗಿನ ಹುಬೆ ಪ್ರಾಂತದ ಚೀಝೌ ಎಂಬಲ್ಲಿ ವೈದ್ಯರ ಮನೆಯಲ್ಲಿ ಹುಟ್ಟಿದ. ಸರಕಾರಿ ಹುದ್ದೆಗೆ ದಾರಿಯಾಗಿದ್ದ ಪರೀಕ್ಷೆಯಲ್ಲಿ ಮೂರು ಸಲ ಅನುತ್ತೀರ್ಣನಾಗಿ ತಂದೆಯ ವೃತ್ತಿಗೇ ಬಂದ. ಹಳೆಯ ಔಷಧಿಗ್ರಂಥಗಳಲ್ಲಿ ಒಂದೇ ವಸ್ತು ಎರಡು ಹೆಸರಿನಲ್ಲಿಯೂ, ಎರಡು ವಸ್ತುಗಳು ಒಂದೇ ಹೆಸರಿನಲ್ಲಿಯೂ ಬೆರೆತುಹೋಗಿರುವುದನ್ನು ಕಂಡು 1552ರಲ್ಲಿ ಹೊಸ ಗ್ರಂಥವೊಂದನ್ನು ಆರಂಭಿಸಿದ. 800ಕ್ಕೂ ಹೆಚ್ಚು ಗ್ರಂಥಗಳನ್ನು ಓದಿ, ಊರೂರು ತಿರುಗಿ, ಮೂರು ಬಾರಿ ತಿದ್ದಿ ಬರೆದು 1578ರಲ್ಲಿ ಮುಗಿಸಿದ. ಅದುವೇ ‘ಬೆನ್‌ತ್ಸಾವೊ ಗಾಂಗ್‌ಮು’. 52 ಭಾಗಗಳು, 1,892 ಔಷಧಿಗಳು, ಸುಮಾರು 11,000 ಔಷಧ ಯೋಗಗಳು, ಸಾವಿರಕ್ಕೂ ಮಿಕ್ಕ ಚಿತ್ರಗಳು. ಅಚ್ಚು ಹಾಕಿಸುವವರನ್ನು ಹುಡುಕುವುದರಲ್ಲೇ ವರ್ಷಗಳು ಕಳೆದವು. 1593ರಲ್ಲಿ ಲೀ ತೀರಿಕೊಂಡ. ಗ್ರಂಥ ಹೊರಬಂದದ್ದು 1596ರಲ್ಲಿ, ನಾನ್‌ಜಿಂಗ್‌ನಿಂದ. 2011ರಲ್ಲಿ ಯುನೆಸ್ಕೊ ಇದನ್ನು ಜಾಗತಿಕ ಸ್ಮರಣೆಯ ಪಟ್ಟಿಗೆ ಸೇರಿಸಿತು.

ಪ್ರತಿಯೊಂದು ಔಷಧಿಗೂ ಲೀ ಒಂದು ಕ್ರಮ ಇಟ್ಟುಕೊಂಡಿದ್ದ: ಹೆಸರುಗಳ ವಿವರಣೆ, ಹಿಂದಿನವರ ಮಾತುಗಳ ಸಂಗ್ರಹ, ತಯಾರಿ, ರುಚಿ, ಉಪಯೋಗ, ಔಷಧ ಯೋಗಗಳು. ಅಗತ್ಯವಿದ್ದ ಕಡೆ ‘ತಪ್ಪುಗಳ ತಿದ್ದುಪಡಿ’ ಎಂಬ ಒಂದು ತಲೆಬರಹ. ಕಣಜದ ವಿಷಯದಲ್ಲಿ ಆತ ಹಳೆಯ ವಾದಗಳನ್ನೆಲ್ಲ ಮುಂದಿಟ್ಟು ತಾವೊ ಮತ್ತು ಕೌ ಪರವಾಗಿ ತೀರ್ಪು ಕೊಟ್ಟ.

ಹುಳಗಳ ಭಾಗದಲ್ಲಿ 106 ಬಗೆಗಳಿವೆ. ಅವುಗಳನ್ನು ಲೀ ಹುಟ್ಟಿನ ರೀತಿಯಿಂದ ಮೂರಾಗಿ ವಿಂಗಡಿಸಿದ: ಮೊಟ್ಟೆಯಿಂದ ಹುಟ್ಟುವವು, ರೂಪಾಂತರದಿಂದ ಹುಟ್ಟುವವು, ತೇವದಿಂದ ಹುಟ್ಟುವವು. ಇದನ್ನು ಓದುವಾಗ ನಮಗೆ ಅಂಡಜ, ಸ್ವೇದಜ ಎಂಬ ಪದಗಳು ನೆನಪಾಗದೆ ಇರುವುದಿಲ್ಲ. ಆ ನೆನಪು ತಪ್ಪಲ್ಲ. ಜೀವಿಗಳು ನಾಲ್ಕು ರೀತಿಯಲ್ಲಿ ಹುಟ್ಟುತ್ತವೆಂಬ ಭಾರತೀಯ ಪಟ್ಟಿ ಬೌದ್ಧ ಗ್ರಂಥಗಳ ಅನುವಾದದ ಮೂಲಕ ಚೀನಾಕ್ಕೆ ಹೋಗಿ ಅಲ್ಲಿನ ಭಾಷೆಯಲ್ಲಿ ಬೇರೂರಿತ್ತು. ಲೀ ಬಳಸಿದ ಮೂರು ಪದಗಳೂ ಆ ಪಟ್ಟಿಯವೇ. ಹುಳಗಳನ್ನು ವಿಂಗಡಿಸುವ ಚೀನೀ ವೈದ್ಯನ ಕೈಯಲ್ಲಿದ್ದ ಅಳತೆಗೋಲಿನಲ್ಲಿ ಭಾರತದ ಗುರುತೂ ಇತ್ತು.

ಈ ವಿಂಗಡಣೆ ಇಂದಿನ ಕೀಟಶಾಸ್ತ್ರಕ್ಕೆ ಒಪ್ಪುವಂಥದ್ದಲ್ಲ. ಲೀಯ ಪ್ರಕಾರ ಜೇನು, ರೇಷ್ಮೆ ಹುಳು, ಜೇಡ, ಚೇಳು ಮೊಟ್ಟೆಯಿಂದ ಹುಟ್ಟುವವು. ಸಗಣಿ ಹುಳ, ಜೀರುಂಡೆಗಳು ರೂಪಾಂತರದವು. ಕಪ್ಪೆ, ಎರೆಹುಳ, ಶತಪದಿ, ಬಸವನಹುಳು ತೇವದವು. ಕೊಳೆತ ಹುಲ್ಲಿನಿಂದ ಮಿಂಚುಹುಳು ಹುಟ್ಟುತ್ತದೆಂಬ ಪ್ರಾಚೀನ ನಂಬಿಕೆಯನ್ನೂ ಆತ ಕೈಬಿಡಲಿಲ್ಲ. ಕಣಜದ ಮೊಟ್ಟೆಯನ್ನು ಒಪ್ಪಿಕೊಂಡವನಿಗೆ ಮಿಂಚುಹುಳುವಿನ ಮೊಟ್ಟೆ ಕಾಣಲಿಲ್ಲ. ದೊಡ್ಡವರ ತಪ್ಪುಗಳನ್ನು ಮರೆಮಾಚುವುದು ಗೌರವವಲ್ಲ. ಲೀಯೇ ತನ್ನ ಹಿಂದಿನವರಿಗೆ ಅಂತಹ ಗೌರವ ತೋರಿಸಲಿಲ್ಲ.

ಕಾಯಿಯಲ್ಲದ ಕಾಯಿ

ಲೀಯ ವಿಂಗಡಣೆಯ ಬೆಲೆ ತಿಳಿಯಬೇಕಾದರೆ ‘ವುಬೆಯ್‌ಝಿ’ ಎಂಬ ಔಷಧಿಯನ್ನು ನೋಡಬೇಕು. ಒಂದು ಜಾತಿಯ ಮರದ ಎಲೆಗಳ ಮೇಲೆ ಬೆಳೆಯುವ, ಒಳಗೆ ಪೊಳ್ಳಾದ, ಒಗರು ರುಚಿಯ ಗಂಟು ಇದು. ಭೇದಿ, ರಕ್ತಸ್ರಾವಗಳಿಗೆ ಔಷಧಿಯಾಗಿ, ಬಟ್ಟೆಗೆ ಕಪ್ಪು ಬಣ್ಣ ಹಾಕಲು, ತೊಗಲು ಹದಮಾಡಲು ಬಳಕೆಯಾಗುತ್ತಿತ್ತು. ಹಿಂದಿನ ಗ್ರಂಥಗಳು ಇದನ್ನು ಮರಗಳ ಭಾಗದಲ್ಲಿ ಇಟ್ಟಿದ್ದವು. ಮರದ ಮೇಲೆ ಬೆಳೆದದ್ದು ಕಾಯಿಯಲ್ಲದೆ ಇನ್ನೇನು? ಲೀ ಇದನ್ನು ಅಲ್ಲಿಂದ ಕಿತ್ತು ಹುಳಗಳ ಭಾಗಕ್ಕೆ ತಂದ. ಇರುವೆಯಂತಹ ಸಣ್ಣ ಹುಳಗಳು ಎಲೆಯ ಮೇಲೆ ಕುಳಿತು ಈ ಗಂಟನ್ನು ಉಂಟುಮಾಡುತ್ತವೆ, ಒಡೆದರೆ ಒಳಗೆ ಅವು ಕಾಣುತ್ತವೆ ಎಂದು ವಿವರಿಸಿದ. ಇಂದಿನ ವಿಜ್ಞಾನ ಆ ಹುಳಗಳನ್ನು ಸಸ್ಯಹೇನುಗಳೆಂದು ಗುರುತಿಸಿದೆ. ಲೀ ಹೇಳಿದ್ದು ಸರಿಯಾಗಿತ್ತು. ಅರಗನ್ನೂ ಆತ ಹೀಗೆಯೇ ಮರಗಳ ಭಾಗದಿಂದ ಹುಳಗಳ ಭಾಗಕ್ಕೆ ವರ್ಗಾಯಿಸಿದ.

ಆದರೆ ಅದೇ ಗ್ರಂಥದಲ್ಲಿ ಇದರ ಸೋದರ ಸಂಬಂಧಿಯೊಂದು ಮರಗಳ ಭಾಗದಲ್ಲೇ ಉಳಿದಿದೆ. ಅದು ಪರ್ಷಿಯಾದಿಂದ ಬರುತ್ತಿದ್ದ, ಓಕ್ ಮರದ ಮೇಲೆ ಒಂದು ಬಗೆಯ ಸಣ್ಣ ಕಣಜದಿಂದ ಉಂಟಾಗುವ ಗಂಟು. ಪರ್ಷಿಯನ್ನರು ಇದನ್ನು ‘ಮಾಜೂ’ ಎನ್ನುತ್ತಾರೆ. ಹಿಂದಿಯಲ್ಲಿ ಮಾಜೂಫಲ್. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುವ, ಅಜ್ಜಿಯರು ತೇಯ್ದು ಮಕ್ಕಳಿಗೆ ನೆಕ್ಕಿಸುತ್ತಿದ್ದ ಮಾಚಿಕಾಯಿ ಇದುವೇ. ತನ್ನ ನಾಡಿನ ಗಂಟನ್ನು ಮರದ ಮೇಲೆಯೇ ಕಂಡ ಲೀಗೆ ಅದು ಹುಳದ ಕೆಲಸವೆಂದು ತಿಳಿಯಿತು. ಹಡಗಿನಲ್ಲಿ ಒಣಗಿ ಬಂದ ಪರದೇಶದ ಗಂಟು ಆತನಿಗೆ ಕಾಯಿಯಾಗಿಯೇ ಉಳಿಯಿತು. ನಾವೂ ಅದನ್ನು ಇನ್ನೂ ‘ಕಾಯಿ’ ಎಂದೇ ಕರೆಯುತ್ತಿದ್ದೇವೆ. ಕಣ್ಣಾರೆ ಕಂಡದ್ದಕ್ಕೂ ಕೇಳಿ ತಿಳಿದದ್ದಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ರೇಷ್ಮೆ, ಚಗಳಿ, ಮಿಡತೆ

ಹುಳಗಳ ಬಗ್ಗೆ ಚೀನೀಯರ ತಿಳಿವಳಿಕೆ ಪುಸ್ತಕಕ್ಕೆ ಸೀಮಿತವಾಗಿರಲಿಲ್ಲ. ರೇಷ್ಮೆ ಹುಳುವನ್ನು ಸಾಕಿ ಪಳಗಿಸಿದವರು ಅವರೇ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ತರಿಸಿ ಮೈಸೂರು ಸೀಮೆಯಲ್ಲಿ ನೆಲೆಗೊಳಿಸಿದ್ದು ಅದೇ ವಂಶದ ಹುಳು. ಸಾಕುವ ಹುಳುವಿಗೆ ಬಿಳಿಯ ಬೂಷ್ಟು ಹಿಡಿದು, ಸುಣ್ಣದ ಕಡ್ಡಿಯಂತೆ ಸೆಟೆದು ಸಾಯುವ ರೋಗವೊಂದಿದೆ. ನಮ್ಮ ರೇಷ್ಮೆ ಬೆಳೆಗಾರರು ಅದನ್ನು ಸುಣ್ಣಕಟ್ಟು ರೋಗವೆನ್ನುತ್ತಾರೆ, ಅದರ ಹೆಸರು ಕೇಳಿದರೇ ಹೆದರುತ್ತಾರೆ. ಹೀಗೆ ಸತ್ತ ಹುಳುವನ್ನೂ ಚೀನೀಯರು ಎಸೆಯಲಿಲ್ಲ. ಮಕ್ಕಳ ಸೆಳೆತದ ಕಾಯಿಲೆಗೆ ಔಷಧಿಯೆಂದು ಅದು ಶೆನ್‌ನೊಂಗ್‌ನ ಹಳೆಯ ಗ್ರಂಥದಲ್ಲೇ ದಾಖಲಾಗಿದೆ. ಆದರೆ ಹುಳು ಯಾಕೆ ಸೆಟೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಬಂದದ್ದು 1835ರಲ್ಲಿ, ಇಟಲಿಯ ಅಗೊಸ್ಟಿನೊ ಬಾಸಿಯಿಂದ. ಅದು ಒಂದು ಶಿಲೀಂಧ್ರದ ಸೋಂಕೆಂದು ಆತ ತೋರಿಸಿಕೊಟ್ಟ. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂಬುದಕ್ಕೆ ದೊರೆತ ಮೊತ್ತಮೊದಲ ಪುರಾವೆಗಳಲ್ಲಿ ಇದೂ ಒಂದು. ಔಷಧಿಯ ಬಳಕೆ ತಿಳಿದಿರುವುದು ಬೇರೆ, ಕಾರಣ ತಿಳಿದಿರುವುದು ಬೇರೆ.

ಕ್ರಿ.ಶ. 304ರಲ್ಲಿ ಜೀ ಹಾನ್ ಬರೆದನೆಂದು ಸಂಪ್ರದಾಯ ಹೇಳುವ, ದಕ್ಷಿಣದ ಸಸ್ಯಗಳ ಕುರಿತ ಪುಸ್ತಕವೊಂದರಲ್ಲಿ ಇರುವೆಗಳ ವ್ಯಾಪಾರದ ವರ್ಣನೆಯಿದೆ. ಈಗಿನ ಉತ್ತರ ವಿಯೆಟ್ನಾಂ ಭಾಗದ ಜನರು ಕೆಂಪು-ಹಳದಿ ಬಣ್ಣದ ದೊಡ್ಡ ಇರುವೆಗಳನ್ನು ಎಲೆ-ಕಡ್ಡಿಗಳ ಗೂಡು ಸಮೇತ ಚೀಲದಲ್ಲಿ ತುಂಬಿ ಮಾರುತ್ತಿದ್ದರು. ಕಿತ್ತಳೆ ತೋಟದವರು ಅವನ್ನು ಕೊಂಡು ಮರಗಳಲ್ಲಿ ಬಿಡುತ್ತಿದ್ದರು. ಆ ಇರುವೆಗಳಿಲ್ಲದಿದ್ದರೆ ಹಣ್ಣುಗಳನ್ನೆಲ್ಲ ಹುಳ ಹಾಳುಮಾಡುತ್ತಿತ್ತು. ಹುಳದಿಂದಲೇ ಹುಳವನ್ನು ಅಂಕೆಯಲ್ಲಿಡುವ ಉಪಾಯದ ಅತಿ ಹಳೆಯ ದಾಖಲೆ ಇದೆಂದು ಕೃಷಿ ಇತಿಹಾಸಕಾರರು ಹೇಳುತ್ತಾರೆ. ಈ ಇರುವೆ ಬೇರೆ ಯಾವುದೂ ಅಲ್ಲ, ನಮ್ಮ ಮಲೆನಾಡಿನವರು ಚಟ್ನಿ ಅರೆದು ತಿನ್ನುವ ಚಗಳಿ!

ಹುಳ ದೊಡ್ಡ ಶತ್ರುವಾಗಿ ಬಂದದ್ದು ಮಿಡತೆಯ ರೂಪದಲ್ಲಿ. ಮಿಡತೆಯ ದಾಳಿ ಆಕಾಶದ ಶಿಕ್ಷೆ, ಆಳುವವರ ಪಾಪದ ಫಲವೆಂದು ಜನರು ನಂಬಿದ್ದರು. ಕ್ರಿ.ಶ. 1ನೇ ಶತಮಾನದಲ್ಲೇ ವಾಂಗ್ ಚೊಂಗ್ ಎಂಬ ಚಿಂತಕ ಈ ನಂಬಿಕೆಯನ್ನು ಪ್ರಶ್ನಿಸಿದ್ದರೂ ಅದು ಅಳಿದಿರಲಿಲ್ಲ. 716ರ ಸುಮಾರಿಗೆ ಪೂರ್ವದ ಪ್ರಾಂತಗಳಲ್ಲಿ ಮಿಡತೆಗಳು ಮುತ್ತಿದಾಗ ರೈತರು ಧೂಪ ಹಾಕಿ ಪ್ರಾರ್ಥಿಸುತ್ತಾ ತಮ್ಮ ಪೈರು ಹಾಳಾಗುವುದನ್ನು ನೋಡುತ್ತಾ ನಿಂತರು. ತಾಂಗ್ ಸಾಮ್ರಾಜ್ಯದ ಮಂತ್ರಿ ಯಾವೊ ಚೊಂಗ್, ರಾತ್ರಿ ಬೆಂಕಿ ಹಾಕಿ ಮಿಡತೆಗಳನ್ನು ಸೆಳೆದು, ಪಕ್ಕದಲ್ಲಿ ಗುಂಡಿ ತೋಡಿ, ಸುಟ್ಟು ಹೂಳಬೇಕೆಂದು ಆಜ್ಞೆ ಹೊರಡಿಸಿದ. ಪ್ರಾಂತಾಧಿಕಾರಿಯೊಬ್ಬ ಇದನ್ನು ಒಪ್ಪದೆ, ಅರಸನು ಸದ್ಗುಣ ಬೆಳೆಸಿಕೊಳ್ಳುವುದೇ ಪರಿಹಾರವೆಂದು ಉತ್ತರಿಸಿದ. ಸದ್ಗುಣದಿಂದ ಮಿಡತೆ ದೂರವಾಗುವುದಾದರೆ ನಿನ್ನ ಪ್ರಾಂತಕ್ಕೆ ಅವು ಬಂದದ್ದು ನಿನ್ನಲ್ಲಿ ಸದ್ಗುಣವಿಲ್ಲದ್ದರಿಂದಲೇ ಎಂದು ಮಂತ್ರಿ ಮರುಪ್ರಶ್ನೆ ಹಾಕಿದ. ಅಧಿಕಾರಿ ಬಾಯಿಮುಚ್ಚಿ ಕೆಲಸಕ್ಕಿಳಿದ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡುವ ಪಾಠವನ್ನು ಕಲಿತ ನಮಗೆ ಮಂತ್ರಿಯ ಮಾತು ಪರಕೀಯವೆನಿಸುವುದಿಲ್ಲ.

ಒಂಬತ್ತು ಶತಮಾನಗಳ ನಂತರ ಶು ಗುವಾಂಗ್‌ಚಿ ಎಂಬ ವಿದ್ವಾಂಸ ಹಳೆಯ ಇತಿಹಾಸ ಗ್ರಂಥಗಳಿಂದ 111 ಮಿಡತೆ ದಾಳಿಗಳನ್ನು ಹುಡುಕಿ, ಯಾವ ತಿಂಗಳಲ್ಲಿ ಎಷ್ಟು ಎಂದು ಎಣಿಸಿದ. ಹೆಚ್ಚಿನವು ಬೇಸಿಗೆಯ ತಿಂಗಳುಗಳಲ್ಲಿ, ನೀರು ಏರಿ ಇಳಿಯುವ ಕೆರೆ-ಜೌಗುಗಳ ಅಂಚಿನಿಂದ ಹೊರಟವೆಂದು ತೋರಿಸಿದ. ಲೆಕ್ಕ ಸರಿಯಾಗಿತ್ತು. ಆದರೆ ಕಾರಣ? ಸೀಗಡಿಗಳೇ ಮಿಡತೆಯಾಗಿ ಮಾರ್ಪಡುತ್ತವೆಂದು ಆತ ನಂಬಿದ! ಎಲ್ಲಿ ಎಣಿಸಿದನೋ ಅಲ್ಲಿ ಗೆದ್ದ, ಎಲ್ಲಿ ಊಹಿಸಿದನೋ ಅಲ್ಲಿ ಸೋತ.

ನಮ್ಮವರು ಅಲ್ಲಿಗೆ ಹೋಗಿದ್ದರು

ಚೀನಾದ ಈ ವಿದ್ಯೆಯಲ್ಲಿ ಮುಸ್ಲಿಮ್ ಜಗತ್ತಿನ ಪಾಲೂ ಇದೆ. 10ನೇ ಶತಮಾನದಲ್ಲಿ ಸಿಚುವಾನ್‌ನಲ್ಲಿ ನೆಲೆಸಿದ್ದ ಲೀ ಶುನ್, ಪರ್ಷಿಯನ್ ಮೂಲದ ಮನೆತನದವನು. ಕವಿಯಾಗಿದ್ದ ಆತನ ಹೆಸರಿನಲ್ಲಿ ಸಮುದ್ರದಾಚೆಯ ಔಷಧಿಗಳ ಕುರಿತ ಗ್ರಂಥವೊಂದಿತ್ತು. ಲೀ ಶಿಝೆನ್ ಅದನ್ನು ಉದ್ಧರಿಸುತ್ತಾನೆ. ಮಂಗೋಲರ ಆಳ್ವಿಕೆಯಲ್ಲಿ ಪಶ್ಚಿಮ ಏಷ್ಯಾದ ವೈದ್ಯರಿಗಾಗಿ ಆಸ್ಥಾನದಲ್ಲಿ ಪ್ರತ್ಯೇಕ ಕಚೇರಿಗಳಿದ್ದವು. ಮುಸ್ಲಿಮ್ ಔಷಧಗಳ ಬಗ್ಗೆ ಚೀನೀ ಭಾಷೆಯಲ್ಲಿ ರಚಿತವಾದ ‘ಹುಯ್‌ಹುಯ್ ಯಾವೊಫಾಂಗ್’ ಎಂಬ ಗ್ರಂಥದ 36 ಭಾಗಗಳಲ್ಲಿ ನಾಲ್ಕು ಮಾತ್ರ ಉಳಿದು ಬೀಜಿಂಗ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಚೀನೀ ಅಕ್ಷರಗಳ ನಡುನಡುವೆ ಅರಬಿ ಲಿಪಿಯಲ್ಲಿ ಬರೆದ ಔಷಧಿಗಳ ಹೆಸರುಗಳನ್ನು ಅದರಲ್ಲಿ ಕಾಣಬಹುದು. ಇದಕ್ಕೆ ಪ್ರತಿಯಾಗಿ, ತಬ್ರೀಝ್‌ನಲ್ಲಿ ರಶೀದುದ್ದೀನ್ ಚೀನೀ ವೈದ್ಯಗ್ರಂಥವನ್ನು 1313ರಲ್ಲಿ ಪರ್ಷಿಯನ್ ಭಾಷೆಗೆ ತರಿಸಿದ. ವಿದ್ಯೆಯ ದಾರಿ ಎರಡೂ ಕಡೆಗೆ ತೆರೆದಿತ್ತು.

ಕುರ್‌ಆನ್‌ನಲ್ಲಿ ಜೇನು, ಇರುವೆ, ಜೇಡಗಳ ಹೆಸರಿನ ಅಧ್ಯಾಯಗಳೇ ಇವೆ. ಆ ಗ್ರಂಥವನ್ನು ಓದಿ ಬೆಳೆದ ಬಸ್ರಾದ ಅಲ್ ಜಾಹಿಝ್ 9ನೇ ಶತಮಾನದಲ್ಲಿ ಪ್ರಾಣಿಗಳ ಕುರಿತ ಬೃಹತ್ ಗ್ರಂಥ ಬರೆದ. ಅರಿಸ್ಟಾಟಲ್‌ನ ಮಾತನ್ನೂ ಪ್ರಶ್ನಿಸದೆ ಬಿಡಲಿಲ್ಲ. 14ನೇ ಶತಮಾನದಲ್ಲಿ ಕೈರೋದ ದಮೀರಿ ಪ್ರಾಣಿಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದ ಕೋಶವನ್ನು ರಚಿಸಿದ.

ಇಲ್ಲಿ ಒಂದು ವಿಚಿತ್ರ ಪ್ರಸಂಗವನ್ನು ಹೇಳಬೇಕು. ಅರಬರ ನಾಡಿನಲ್ಲಿ ವೃದ್ಧರು ಜೇನನ್ನಷ್ಟೇ ಸೇವಿಸಿ ಪ್ರಾಣ ಬಿಡುತ್ತಾರೆ, ಅವರ ದೇಹವನ್ನು ಜೇನಿನಲ್ಲಿ ನೂರು ವರ್ಷ ಇಟ್ಟು ಔಷಧಿಯಾಗಿ ಬಳಸುತ್ತಾರೆ ಎಂಬ ಕತೆ ಲೀ ಶಿಝೆನ್‌ನ ಗ್ರಂಥದಲ್ಲಿದೆ. ಇಸ್ಲಾಮಿನ ಪ್ರಾಥಮಿಕ ಪರಿಚಯವುಳ್ಳವರಿಗೂ ಇದು ಕಟ್ಟುಕತೆಯೆಂದು ಹೊಳೆಯುತ್ತದೆ. ಲೀಗೆ ಅದು ತಿಳಿಯುವಂತಿರಲಿಲ್ಲ. ಆದರೆ ಆತ ಮಾಡಿದ್ದೇನು? ಇದನ್ನು ಬರೆದವನ ಹೆಸರು ಹೇಳಿದ. ನಿಜವೋ ಅಲ್ಲವೋ ತನಗೆ ತಿಳಿಯದೆಂದ. ಹೆಚ್ಚು ಬಲ್ಲವರು ತೀರ್ಮಾನಿಸಲೆಂದು ಆ ಭಾಗದ ಕೊನೆಯಲ್ಲಿ ಸೇರಿಸಿಟ್ಟ. ಬೇರೆ ಸಮುದಾಯದ ಬಗ್ಗೆ ಕೇಳಿಬಂದ ಮಾತನ್ನು ಹೇಗೆ ದಾಖಲಿಸಬೇಕು ಎಂಬುದನ್ನು, ಗಾಳಿಮಾತುಗಳಿಗೆ ಬಲಿಯಾಗುತ್ತಿರುವ ನಮ್ಮ ಕಾಲದವರು ಆ ವೈದ್ಯನಿಂದ ಕಲಿಯಬಹುದು.

ಹಳೆಯ ಪುಸ್ತಕವನ್ನು ಹೇಗೆ ಓದಬೇಕು?

ಹಳೆಯ ಗ್ರಂಥಗಳ ಬಗ್ಗೆ ನಮ್ಮಲ್ಲಿ ಎರಡು ನಿಲುವುಗಳಿವೆ. ಇಂದಿನ ವಿಜ್ಞಾನವೆಲ್ಲ ನಮ್ಮ ಪೂರ್ವಿಕರ ಗ್ರಂಥಗಳಲ್ಲೇ ಇತ್ತೆಂದು ಎದೆ ತಟ್ಟುವುದು ಒಂದು. ಅವೆಲ್ಲ ಅಜ್ಞಾನದ ಮೂಟೆಯೆಂದು ಮೂಲೆಗೆಸೆಯುವುದು ಇನ್ನೊಂದು. ಈ ಎರಡೂ ಕಾಯಿಲೆಗಳು ಎಲ್ಲ ಸಮುದಾಯಗಳಲ್ಲೂ ಇವೆ, ನಮ್ಮ ಸಮುದಾಯವೂ ಇದಕ್ಕೆ ಹೊರತಲ್ಲ.

ಇವೆರಡರ ನಡುವಿನ ದಾರಿಯನ್ನು ತೋರಿಸಿದವರು ತೂ ಯೂಯೂ. ಮಲೇರಿಯಾಕ್ಕೆ ಹೊಸ ಔಷಧಿ ಹುಡುಕುವ ಕೆಲಸ 1969ರಲ್ಲಿ ಅವರ ಪಾಲಿಗೆ ಬಂತು. ಅವರ ತಂಡ ಹಳೆಯ ಗ್ರಂಥಗಳನ್ನೂ ಮನೆಮದ್ದುಗಳನ್ನೂ ಜಾಲಾಡಿ ‘ಚಿಂಗ್‌ಹಾವೊ’ ಎಂಬ ಗಿಡವನ್ನು ಆರಿಸಿಕೊಂಡಿತು. ಆದರೆ ಪ್ರಯೋಗದಲ್ಲಿ ಅದರ ಫಲಿತಾಂಶ ಒಂದೇ ತೆರನಾಗಿರಲಿಲ್ಲ. ಆಗ ಅವರು 4ನೇ ಶತಮಾನದ ಗೆ ಹೊಂಗ್ ಎಂಬ ವೈದ್ಯನ ಗ್ರಂಥವನ್ನು ಮತ್ತೆ ಓದಿದರು. ಅಲ್ಲಿ ಗಿಡವನ್ನು ಕುದಿಸಲು ಹೇಳಿರಲಿಲ್ಲ. ನೀರಿನಲ್ಲಿ ನೆನೆಸಿ ಹಿಂಡಿ ರಸ ತೆಗೆಯಲು ಹೇಳಿತ್ತು. ಕಾವಿನಿಂದ ಅದರ ಸತ್ವ ಹೋಗುತ್ತಿರಬಹುದೆಂದು ಊಹಿಸಿ, ಕಡಿಮೆ ಉಷ್ಣದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಅದು ಪ್ರಾಣಿಗಳ ಮೇಲೆ ಯಶಸ್ವಿಯಾಯಿತು. ರೋಗಿಗಳಿಗೆ ಕೊಡುವ ಮೊದಲು ತೂ ಮತ್ತು ಸಂಗಡಿಗರು ತಾವೇ ಸೇವಿಸಿ ನೋಡಿದರು. ಅಲ್ಲೂ ಹೆಸರಿನ ತೊಡಕು ಕಾದಿತ್ತು. ‘ಚಿಂಗ್‌ಹಾವೊ’ ಎಂಬ ಒಂದೇ ಹೆಸರಿನಡಿ ಹಲವು ಗಿಡಗಳಿದ್ದವು. ಅವುಗಳಲ್ಲಿ ಔಷಧಿಯಿದ್ದದ್ದು ಒಂದರಲ್ಲಿ ಮಾತ್ರ. ಅದನ್ನು ಬಿಡಿಸಿ ಗುರುತಿಸಬೇಕಾಯಿತು. ಹೀಗೆ ದೊರೆತ ಆರ್ಟಿಮಿಸಿನಿನ್ ಲಕ್ಷಾಂತರ ಜೀವಗಳನ್ನು ಉಳಿಸಿತು. 2015ರಲ್ಲಿ ತೂ ಅವರಿಗೆ ನೊಬೆಲ್ ಪುರಸ್ಕಾರ ಬಂತು. ಹಳೆಯ ಪುಸ್ತಕ ಅವರಿಗೆ ಒಂದು ಸುಳಿವು ಕೊಟ್ಟಿತು. ಅದನ್ನು ಔಷಧಿಯಾಗಿಸಿದ್ದು ಪರೀಕ್ಷೆ.

ಈ ಮಾತು ಹುಳಗಳ ಔಷಧಿಗಳಿಗೂ ಅನ್ವಯಿಸುತ್ತದೆ. ಗ್ರಂಥದಲ್ಲಿದೆ ಎಂಬ ಕಾರಣಕ್ಕೆ ಅವೆಲ್ಲ ಗುಣಕಾರಿಯಾಗುವುದಿಲ್ಲ. ಅವುಗಳಲ್ಲಿ ಒಂದು ಜಾತಿಯ ದುಂಬಿ ಮನುಷ್ಯನನ್ನು ಕೊಲ್ಲಬಲ್ಲಷ್ಟು ವಿಷವುಳ್ಳದ್ದು. ಪರೀಕ್ಷೆಗೊಳಗಾಗದ ಔಷಧಿ ಯಾವ ಗ್ರಂಥದಲ್ಲಿದ್ದರೂ, ಯಾರ ಗ್ರಂಥದಲ್ಲಿದ್ದರೂ, ಅದು ಸನದಿಲ್ಲದ ಮಾತಿನಂತೆಯೇ.

ನಾವು ಆರಂಭಿಸಿದ ಮಾತಿಗೇ ಮರಳೋಣ. ವಿದ್ಯೆಗಾಗಿ ಚೀನಾಕ್ಕೆ ಹೋಗಬೇಕೆಂಬ ಮಾತಿನ ಸನದು ದುರ್ಬಲವಾಗಿರಬಹುದು. ಆದರೆ ಆ ಸನದನ್ನು ಪರೀಕ್ಷಿಸಿದ ನಮ್ಮ ವಿದ್ವಾಂಸರೂ, ಕಣಜದ ಗೂಡನ್ನು ಒಡೆದು ನೋಡಿದ ಚೀನೀ ವೈದ್ಯರೂ ಒಂದೇ ಕೆಲಸ ಮಾಡಿದವರು. ಇಷ್ಟವಾದ ಮಾತನ್ನು ಇಷ್ಟವೆಂಬ ಕಾರಣಕ್ಕೆ ನಂಬಲು ಇಬ್ಬರೂ ಒಪ್ಪಲಿಲ್ಲ. ಮುಂದಿನ ಬಾರಿ ವೇದಿಕೆಯಲ್ಲಿ ಚೀನಾದ ಹೆಸರೆತ್ತುವಾಗ ನಮ್ಮ ಮಕ್ಕಳಿಗೆ ಕಣಜದ ಗೂಡಿನ ಕತೆಯನ್ನೂ ಹೇಳೋಣ. ಮನೆಯ ಗೋಡೆಯ ಮೂಲೆಯಲ್ಲಿ ಅಂಥದೊಂದು ಮಣ್ಣಿನ ಗೂಡು ಇದ್ದೇ ಇರುತ್ತದೆ. ಒಳಗೇನಿದೆಯೆಂದು ಅವರು ಕೇಳಿದರೆ, ಸುಮ್ಮನಿರೆಂದು ಗದರದಿರೋಣ.